ಎಡಗಡೆಯ ಮುಂದಿನ ಚಕ್ರ

ಯಾರಿಗೂ ಏನೂ ಆಗಿರಲಿಲ್ಲ. ಆರು ದಿನಗಳಿಂದ ಬೆಳಗ್ಗೆ ತನ್ನ ಕನ್ನಡಕದಂಗಡಿಯ ಷಟರ್ ಎತ್ತುವಾಗ ಅವನಿಗೆ ಮೊದಲು ನೆನಪಾಗುತ್ತಿದ್ದದ್ದು ಇದೇ ಮಾತು. ನೆನಪಾದ ಕೂಡಲೇ ಹೋದ ಜೀವ ಬಂದಂತಾಗುತ್ತಿತ್ತು, ಎದೆ ಹಗುರಾಗುತ್ತಿತ್ತು, ಹಗುರಾದದ್ದಕ್ಕೇ ನಾಚಿಕೆಯೂ ಆಗುತ್ತಿತ್ತು. ಬಸ್‌ಸ್ಟಾಪಿನಲ್ಲಿ ಏಳು ಜನ ನಿಂತಿದ್ದರು. ಕಾರು ಅವರಿಗೆ ಎರಡು ಮಾರು ಈಚೆಗೇ ನಿಂತಿತ್ತು. ಸ್ಟೀರಿಂಗ್ ಹಿಡಿದಿದ್ದ ಅಕ್ಕನ ಮೈಗೆ ಒಂದು ಗೀರೂ ಬಿದ್ದಿರಲಿಲ್ಲ. ಇಷ್ಟನ್ನು ಒಂದೊಂದಾಗಿ ಎಣಿಸಿಕೊಂಡು, ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎಂದುಕೊಂಡು, ಅವನು ಗಾಜಿನ ಕಪಾಟುಗಳ ಧೂಳು ಒರೆಸುತ್ತಿದ್ದ. ಕರಗದೆ ಉಳಿದದ್ದು ಒಂದೇ: ಹಿಂದಿನ ಪರೀಕ್ಷೆಯ ಕೋಣೆಯಲ್ಲಿ, ಅಕ್ಷರಗಳ ಬೋರ್ಡಿನ ಕೆಳಗೆ, ಹಳೆಯ ಪರದೆ ಬಟ್ಟೆ ಹೊದಿಸಿ ಗೋಡೆಗೆ ಒರಗಿಸಿಟ್ಟಿದ್ದ ಕಾರಿನ ಚಕ್ರ. ಕಣ್ಣು ತೋರಿಸಲು ಬಂದ ಯಾರೂ ಅದೇನೆಂದು ಕೇಳಿರಲಿಲ್ಲ. ಸರಿಯಾಗಿ ಕಾಣದವರೇ ತಾನೇ ಅಲ್ಲಿಗೆ ಬರುವುದು.

ಆರನೆಯ ದಿನ ಮೊದಲು ಬಂದವರು ಬಟ್ಟೆ ಹೊಲಿಯುವ ಹೆಂಗಸು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂದರು. ಅವನು ಪುಟ್ಟ ಸ್ಕೇಲನ್ನು ಅವರ ಮೂಗಿನ ಮೇಲೆ ಅಡ್ಡ ಹಿಡಿದು ಎರಡು ಕಣ್ಣಪಾಪೆಗಳ ನಡುವಿನ ಅಂತರ ಅಳೆದ. ಅರವತ್ತೊಂದೂವರೆ ಮಿಲಿಮೀಟರ್. ಅರ್ಧ ಮಿಲಿಮೀಟರಿಗಾಗಿ ಉಸಿರು ಬಿಗಿಹಿಡಿಯುವುದು ಇಪ್ಪತ್ತು ವರ್ಷದ ಅಭ್ಯಾಸ. ಫ್ರೇಮು ಆರಿಸಿದ್ದಾಯಿತು, ನಂಬರು ಬರೆದದ್ದಾಯಿತು. “ಇದಕ್ಕೊಂದು ಕೋಟಿಂಗ್ ಹಾಕಿಸ್ಕೊಂಡ್ರೆ” ಎಂದು ಬಾಯಿ ತನ್ನಷ್ಟಕ್ಕೇ ಶುರುಮಾಡಿತು. ಅಲ್ಲಿಗೇ ತಡೆದ. “ಹಾಕಿಸ್ಕೊಂಡ್ರೆ ಏನಾಗುತ್ತೆ?” ಎಂದರು ಅವರು. “ಏನೂ ಆಗಲ್ಲ. ನಿಮಗೆ ಅದು ಬೇಕಾಗಲ್ಲ ಬಿಡಿ.” ಆಕೆ ಅವನನ್ನು ಅನುಮಾನದಿಂದ ನೋಡಿದರು. ಬೇಡ ಎನ್ನುವ ಅಂಗಡಿಯವನನ್ನು ಯಾರು ನಂಬುತ್ತಾರೆ? “ಅಷ್ಟು ಚೆನ್ನಾಗಿರೋದಾದ್ರೆ ಹಾಕೇ ಬಿಡಿ” ಎಂದು ಹೇಳಿ ಹೋದರು. ಅವನು ಚೀಟಿಯಲ್ಲಿ ಕೋಟಿಂಗ್ ಎಂದು ಬರೆದು, ಹೊಡೆದುಹಾಕಿದ.

ಆ ಚಕ್ರಗಳನ್ನು ಆರಿಸಲು ಅವನಿಗೆ ನಾಲ್ಕು ತಿಂಗಳು ಹಿಡಿದಿತ್ತು. ಅಕ್ಕ-ತಮ್ಮ ಇಬ್ಬರೇ ಇರುವ ಮನೆಗೆ ಹೋದ ವರ್ಷ ಬಂದ ಕಡುನೀಲಿ ಸ್ಪೋರ್ಟ್ಸ್ ಸೆಡಾನ್ ಅದು. ಬೇರೊಬ್ಬರು ಓಡಿಸಿ ಮಾರಿದ್ದು. ಸಿಗ್ನಲ್ಲಿನಲ್ಲಿ ನಿಂತಾಗಲೂ ತುದಿಗಾಲಿನಲ್ಲೇ ಇರುತ್ತಿದ್ದಂಥದ್ದು. “ಇವಳು ನಿನ್ನ ಚಿಕ್ಕಕ್ಕ. ನನಗಿಂತ ಇವಳಿಗೇ ಸೇವೆ ಜಾಸ್ತಿ” ಎನ್ನುತ್ತಿದ್ದಳು ಅಕ್ಕ. ಚಿಕ್ಕಕ್ಕನ ಕಾಲಿಗೆ ಕಂಪನಿಯವರು ಕೊಟ್ಟ ಚಕ್ರಗಳು ಅವನಿಗೆ ಆಸ್ಪತ್ರೆಯ ಚಪ್ಪಲಿಯಂತೆ ಕಾಣತೊಡಗಿದ್ದವು. ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಫೋನಿನಲ್ಲಿ ಚಕ್ರಗಳನ್ನು ನೋಡುವುದೇ ನೋಡುವುದು. ಅಗಲ ಎಷ್ಟು, ಬೋಲ್ಟಿನ ತೂತುಗಳು ಯಾವ ಅಳತೆಯ ವೃತ್ತದಲ್ಲಿವೆ, ಚಕ್ರ ಒಳಕ್ಕೆಷ್ಟು ಸರಿಯುತ್ತದೆ, ಹೊರಕ್ಕೆಷ್ಟು ಇಣುಕುತ್ತದೆ, ಟೈರಿನ ಗೋಡೆ ಕನಿಷ್ಠ ಎಷ್ಟು ಎತ್ತರವಿದ್ದರೆ ಗುಂಡಿಯಲ್ಲಿ ರಿಮ್ ಉಳಿಯುತ್ತದೆ. ಎಲ್ಲವೂ ಮಿಲಿಮೀಟರಿನ ಮಾತು, ತನ್ನದೇ ಭಾಷೆ. ಹತ್ತು ಕಡ್ಡಿಯದೋ ಐದು ಕಡ್ಡಿಯದೋ ತೀರ್ಮಾನವಾಗದೆ ರಟ್ಟಿನಲ್ಲಿ ಎರಡನ್ನೂ ಕತ್ತರಿಸಿ, ಬೇಸ್‌ಮೆಂಟಿನಲ್ಲಿ ಕಾರಿಗೆ ಒರಗಿಸಿ, ಹಿಂದೆ ಹಿಂದೆ ನಡೆದು ಕಂಬಕ್ಕೆ ಬೆನ್ನು ತಾಗುವವರೆಗೆ ಹೋಗಿ ನೋಡಿದ್ದ. ಕಸದ ಬುಟ್ಟಿ ಹಿಡಿದು ಇಳಿದುಬಂದ ಅಕ್ಕ ಅಲ್ಲೇ ನಿಂತಳು. “ಗೂಬೆ, ಏನೋ ಇದು?” ಕಣ್ಣು ದೊಡ್ಡದೆಂದು ಚಿಕ್ಕಂದಿನಲ್ಲಿ ಇಟ್ಟ ಹೆಸರು ಈಗಲೂ ಹೋಗಿರಲಿಲ್ಲ. “ಚಕ್ರ. ಹತ್ತೊಂಬತ್ತು ಇಂಚು.” ಅಕ್ಕ ರಟ್ಟನ್ನೂ ಕಾರನ್ನೂ ನೋಡಿ, “ಮೂಗಿಗಿಂತ ಮೂಗುತಿ ಭಾರ ಆಗ್ದೇ ಇದ್ರೆ ಸಾಕು” ಎಂದು ಬುಟ್ಟಿ ಖಾಲಿ ಮಾಡಲು ಹೋದಳು. ಅವಳು ಹೇಳಿದ್ದು ಸರಿ ಎಂದು ಅವನಿಗೆ ಅಲ್ಲೇ ಗೊತ್ತಾಗಿತ್ತು. ಆದರೂ ಒಪ್ಪಿಕೊಳ್ಳಲು ಇನ್ನೊಂದು ತಿಂಗಳು ಬೇಕಾಯಿತು.

ಒಪ್ಪಿಸಿದ್ದು ಚಕ್ರದಂಗಡಿಯ ಯಜಮಾನ. ದಪ್ಪ ಮೈ, ಕೈಯಲ್ಲಿ ಸದಾ ಒಂದು ಹಳದಿ ಸೀಮೆಸುಣ್ಣ. ಯಾರ ಟೈರಿನ ಮೇಲೆ ಏನು ಮಾಡಬೇಕೆಂದು ಅದರಲ್ಲೇ ಬರೆಯುತ್ತಿದ್ದ. “ಕಾರು ನೋಡೋಕಾ ಸಾರ್, ಕೂರೋಕಾ? ನೋಡೋಕಾದ್ರೆ ಹತ್ತೊಂಬತ್ತು ಹಾಕಿ. ಕೂರೋಕಾದ್ರೆ ಹದಿನೆಂಟು. ಆಮೇಲೆ ಸೊಂಟ ನನ್ನ ಬೈಬಾರ್ದು.” ಹದಿನೆಂಟಕ್ಕೆ, ಐದು ಕಡ್ಡಿಗೆ, ಕಡುಬೂದು ಬಣ್ಣಕ್ಕೆ ಮಾತು ಮುಗಿಯಿತು. ಅಷ್ಟರಲ್ಲಿ ಅವನು, ತನಗೂ ತಿಳಿಯುತ್ತದೆಂದು ತೋರಿಸಿಕೊಳ್ಳಲು, ಚಕ್ರದ ಒಳಬದಿಗೂ ಸ್ಪ್ರಿಂಗಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆಂದು ತಾನು ಅಳೆದ ಲೆಕ್ಕ ಹೇಳಿದ. ಜೇಬಿನಿಂದ ಆ ಸ್ಕೇಲನ್ನೂ ತೆಗೆದು ತೋರಿಸಿದ. ಯಜಮಾನ ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ. “ಕಣ್ಣಿಗೆ ಹಿಡಿಯೋ ಸ್ಕೇಲಲ್ಲಿ ಚಕ್ರ ಅಳೆದ್ರಾ? ಕನ್ನಡಕ ಹಾಕ್ಬಿಡಿ ಸಾರ್ ಕಾರಿಗೆ.” ಟೈರ್ ಕೂರಿಸುತ್ತಿದ್ದ ಇಬ್ಬರು, ಬೆಂಚಿನ ಮೇಲೆ ಕಾಯುತ್ತಿದ್ದ ಮೂವರು, ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಅವನೂ ನಕ್ಕ. ಆದರೆ ಕಿವಿ ಬಿಸಿಯಾದದ್ದು ಆರಲಿಲ್ಲ. ಯಜಮಾನ ಟೈರ್ ಕೂರಿಸಿ, ಸಮತೂಕ ನೋಡಿ, ನಾಲ್ಕೂ ಚಕ್ರಗಳನ್ನು ಸಾಲಾಗಿ ನಿಲ್ಲಿಸಿ, ಕೌಂಟರಿನ ಮೇಲೆ ಒಂದು ಭಾರದ ಪೊಟ್ಟಣ ಇಟ್ಟ. “ಬೋಲ್ಟು. ಹಳೇದು ಇದಕ್ಕೆ ಆಗಲ್ಲ ಸಾರ್, ಇದೇ ಹಾಕ್ಬೇಕು.”

ಹಳೇದು ಇದಕ್ಕೆ ಆಗಲ್ಲ. ಈ ಮಾತನ್ನು ಅವನು ಇಪ್ಪತ್ತು ವರ್ಷದಿಂದ ದಿನಕ್ಕೆ ನಾಲ್ಕು ಸಲ ಹೇಳುತ್ತ ಬಂದಿದ್ದ. ಹಳೇ ಫ್ರೇಮು ಈ ಗಾಜಿಗೆ ಆಗಲ್ಲ ಸಾರ್. ಹಳೇ ಪೆಟ್ಟಿಗೆಯಲ್ಲಿ ಇದು ಕೂರಲ್ಲ ಮೇಡಂ. ಅರ್ಧಕ್ಕರ್ಧ ಸಲ ಅದು ನಿಜ, ಉಳಿದರ್ಧ ವ್ಯಾಪಾರ. ಯಜಮಾನನ ಬಾಯಲ್ಲಿ ಅವನಿಗೆ ತನ್ನದೇ ದನಿ ಕೇಳಿಸಿತು. ತಾ ಕಳ್ಳ ಪರರ ನಂಬ. “ನನ್ನ ಹತ್ರ ಕಂಪನಿದೇ ಇದೆ” ಎಂದ, ಸ್ವಲ್ಪ ಗತ್ತಿನಿಂದಲೇ. “ಫಿಟಿಂಗೂ ನಾನೇ ಮಾಡ್ಕೋತೀನಿ.” ಯಜಮಾನ ಇನ್ನೇನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಫೋನ್ ಬಂತು. ಒಂದು ಕೈಯಲ್ಲಿ ಫೋನು ಮುಚ್ಚಿಕೊಂಡು, “ನೂರು ಕಿಲೋಮೀಟರ್ ಓಡಿದ್ಮೇಲೆ ಇನ್ನೊಂದ್ಸಲ ಬಿಗಿ ನೋಡ್ಕೊಳ್ಳಿ, ಮರೀಬೇಡಿ” ಎಂದಷ್ಟೇ ಕೂಗಿದ. ಪೊಟ್ಟಣ ಕೌಂಟರಿನ ಮೇಲೇ ಉಳಿಯಿತು.

ಭಾನುವಾರ ಬೆಳಗ್ಗೆ ಬೇಸ್‌ಮೆಂಟಿನಲ್ಲಿ ಜಾಕ್ ಇಟ್ಟು ಒಂದೊಂದೇ ಮೂಲೆ ಎತ್ತಿ ಅವನು ಚಕ್ರ ಬದಲಿಸಿದ. ಅಷ್ಟು ಸುಖದ ಬೆಳಗು ಈಚೆಗೆ ಕಂಡಿರಲಿಲ್ಲ. ಹೊಸ ರಬ್ಬರಿನ ವಾಸನೆ, ಅಂಗೈಗೆ ಹತ್ತಿದ ಕರಿ, ಮಂಡಿಗೆ ಒತ್ತುವ ಸಿಮೆಂಟು. ಕೊನೆಯ ಬಿಗಿಯ ಹೊತ್ತಿಗೆ ಮಾತ್ರ ಪ್ರತಿ ಬೋಲ್ಟೂ ಒಂದಿಷ್ಟು ಕರಕರ ಎಂದಂತಾಯಿತು. ಫ್ರೇಮಿನ ಸ್ಕ್ರೂ ಸರಿಯಾಗಿ ಕೂತಾಗ ಬೆರಳಿಗೆ ಒಂದು ಸಮಾಧಾನ ಸಿಗುತ್ತದೆ, ಅದು ಸಿಗಲಿಲ್ಲ. ಕೈಗೆ ಗೊತ್ತಾಗಿತ್ತು. ತಲೆ, ಕಂಪನಿ ಬೋಲ್ಟು, ಅದಕ್ಕಿಂತ ಬೇಕೇ ಎಂದು ಕೈಯ ಬಾಯಿ ಮುಚ್ಚಿಸಿತು. ಅಕ್ಕ ಟೀ ತಂದು ಕೊಟ್ಟು ಕಾರಿನ ಸುತ್ತ ಒಂದು ಸುತ್ತು ಬಂದಳು. “ಚೆನ್ನಾಗಿದೆ ಕಣೋ” ಎಂದಳು, ತಮಾಷೆ ಮಾಡದೆ. “ಬುಧವಾರ ನಾನು ತಗೊಂಡು ಹೋಗ್ತೀನಿ.” ಅಕ್ಕ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಕೆಲಸ ಮಾಡುವವಳು; ಯಾವ ಚೀಟಿಯನ್ನೂ ಎರಡು ಸಲ ಓದದೆ ಮಾತ್ರೆ ಕೊಟ್ಟವಳಲ್ಲ. ಐವತ್ತೆರಡನೆಯ ವಯಸ್ಸಿಗೆ, ಕಲಿಸುವವನ ಬೈಗುಳ ತಿಂದು, ಡ್ರೈವಿಂಗ್ ಕಲಿತಿದ್ದಳು. ಬುಧವಾರ ಮಧ್ಯಾಹ್ನ ಕೆಲಸ ಮುಗಿಸಿ, ಒಬ್ಬಳೇ, ಎಲ್ಲಿಗೂ ಅಲ್ಲದೆ, ಊರಿನ ಹೊರವರ್ತುಲದ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರುವುದು ಅವಳ ವಾರದ ಸುಖ. ಯಾಕೆ ಎಂದು ಒಮ್ಮೆ ಕೇಳಿದಾಗ, “ಅಲ್ಲಿ ಯಾರೂ ಟೋಕನ್ ಹಿಡ್ಕೊಂಡು ನಿಂತಿರಲ್ಲ” ಎಂದಿದ್ದಳು.

ಮಂಗಳವಾರ ಸಂಜೆ ಅಂಗಡಿಯಿಂದ ಮನೆಗೆ ಬರುವಾಗ ಎಡಗಡೆಯಿಂದ ಟಿಕ್ ಎಂದಿತ್ತು. ಮತ್ತೆ ಟಿಕ್. ಅವನು ರೇಡಿಯೋ ಜೋರು ಮಾಡಿದ. ಇದೊಂದನ್ನು ನೆನೆದಾಗ ಅವನ ಕಿವಿ ಈಗಲೂ ಬಿಸಿಯಾಗುತ್ತದೆ. ಚಕ್ರದಂಗಡಿಯ ನಗುವಿಗೆ ಆದದ್ದಕ್ಕಿಂತ ಹೆಚ್ಚು.

ಬುಧವಾರ ಅಕ್ಕನ ಫೋನ್ ಬಂದಾಗ ಬಾಡಿಗೆ ಕಾರು ಹಿಡಿದು ಓಡಿದ. ಸರ್ಕಲ್ಲಿನ ತಿರುವಿನಲ್ಲಿ, ಬಸ್‌ಸ್ಟಾಪಿಗಿಂತ ಸ್ವಲ್ಪ ಹಿಂದೆ, ಕಾರು ಫುಟ್‌ಪಾತಿನ ಕಲ್ಲಿಗೆ ತಾಗಿ ಓರೆಯಾಗಿ ನಿಂತಿತ್ತು. ಅಕ್ಕ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. “ತಾಗಿಸ್ಬಿಟ್ಟೆ ಕಣೋ. ಸ್ಟೀರಿಂಗ್ ನಡುಗೋಕೆ ಶುರುವಾಯ್ತು, ಎಡಕ್ಕೆ ಎಳೀತು, ಹಿಡಿಯೋಕಾಗ್ಲಿಲ್ಲ. ಅದಕ್ಕೆ ಮುಂಚೆ ಪೆಟ್ರೋಲ್ ಬಂಕ್ ಹತ್ರ ಠಣ್ ಅಂತ ಏನೋ ಬಿತ್ತು. ಅದಕ್ಕೂ ಮುಂಚೆ ಟಿಕ್ ಟಿಕ್ ಅಂತಾನೇ ಇತ್ತು.” ಅವನು ಮಂಡಿಯೂರಿ ನೋಡಿದ. ಐದು ತೂತಿನಲ್ಲಿ ಒಂದು ಖಾಲಿ. ಮೂರು ಬೋಲ್ಟುಗಳು ಬೆರಳಿಗೇ ತಿರುಗಿದವು. ಮಂಡಿಯೂರಿ ಏಳುವಷ್ಟರಲ್ಲಿ ಅವನಿಗೆ ಎಲ್ಲವೂ ಅರ್ಥವಾಗಿತ್ತು, ಹೇಳಿಬಿಡುವಷ್ಟು ಹೊತ್ತೂ ಇತ್ತು. ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬ, ಮಡಿಸಿದ ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡವನು, “ಹೆಂಗಸರ ಕೈಗೆ ಇಂಥ ಕಾರು ಕೊಟ್ರೆ ಇನ್ನೇನಾಗುತ್ತೆ” ಎಂದ. ಆ ಮನುಷ್ಯನ ಮುಖಕ್ಕೆ ಬಾರಿಸಬೇಕು ಎನಿಸಿತು. ಬಾರಿಸಲಿಲ್ಲ. ಆ ಮಾತಿನ ನೆರಳಲ್ಲೇ ನಿಂತುಕೊಂಡ. “ನಾನು ಎರಡು ದಿನ ಓಡ್ಸಿದೀನಲ್ಲ ಅಕ್ಕ, ಶಬ್ದ ಏನೂ ಇರ್ಲಿಲ್ಲ. ಕಲ್ಲಿಗೆ ತಾಗಿದ ಏಟಿಗೆ ಬೋಲ್ಟು ಸಡಿಲ ಆಗಿದೆ. ಗಾಬರೀಲಿ ಹಿಂದಿಂದು ಮುಂದಾಗಿ ನೆನಪಾಗುತ್ತೆ, ಬಿಡು.” ಅಕ್ಕ ಅವನ ಮುಖವನ್ನು ತುಸು ಹೊತ್ತು ನೋಡಿದಳು. ಅಳತೆ ಗೊತ್ತಿರುವವನು ಅವನು. “ಹಾಗಂತೀಯಾ?” ಎಂದಳು. “ಹೂಂ” ಎಂದ.

ಒಂದು ಹೂಂ. ಆಮೇಲೆ ಅದನ್ನು ವಾಪಸು ತೆಗೆದುಕೊಳ್ಳಲು ಎಷ್ಟೊಂದು ಸಂದರ್ಭಗಳು ಸಿಕ್ಕಿದವು. ಒಂದೂ ಸರಿಯಾದ ಸಂದರ್ಭ ಅನಿಸಲಿಲ್ಲ. ಅವನು ಕಾರನ್ನು ನಡಿಗೆಯ ವೇಗದಲ್ಲಿ ಮನೆಗೆ ತಂದು, ಹಳೆಯ ಚಕ್ರಗಳನ್ನೇ ಹಾಕಿ, ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ. ಅಕ್ಕ ಕಾರಿನ ಕೀಯನ್ನು ಫ್ರಿಜ್ಜಿನ ಮೇಲೆ, ಹಿಂದಕ್ಕೆ, ಕೈಗೆ ಸುಲಭವಾಗಿ ಸಿಗದ ಕಡೆ ಇಟ್ಟಳು. ದೊಡ್ಡ ಮಾತೇನೂ ಆಡಲಿಲ್ಲ. “ನಂಗಿನ್ನು ಬೇಡ ಕಣೋ, ಏಳು ಜನ ಇದ್ರು ಅಲ್ಲಿ” ಎಂದಳು ಅಷ್ಟೆ. ಮಾರನೆಯ ದಿನದಿಂದ ಬಸ್ಸಿಗೆ ಹೊರಟಳು. ಮನೆಯಲ್ಲಿ ಗ್ಯಾಸ್ ಆರಿಸಿದ್ದೇನೆಯೇ ಎಂದು ಎರಡು ಸಲ ನೋಡುತ್ತಿದ್ದವಳು ನಾಲ್ಕು ಸಲ ನೋಡತೊಡಗಿದಳು. ಕುಕ್ಕರ್ ಕೂಗಿದರೆ, “ಈಗ ಕೂಗ್ತಾ?” ಎಂದು ಅವನನ್ನು ಕೇಳುತ್ತಿದ್ದಳು.

ಗುರುವಾರ ಆ ಎಡಗಡೆಯ ಚಕ್ರವನ್ನು ಹೊತ್ತು ಅವನು ಯಜಮಾನನ ಮುಂದೆ ಇಟ್ಟ. ಈ ಸಲ ಯಾರೂ ನಗಲಿಲ್ಲ. ಯಜಮಾನ ತೂತಿನೊಳಗೆ ಕಿರುಬೆರಳು ಆಡಿಸಿ, ಕೌಂಟರಿನ ಕೆಳಗಿನಿಂದ ಅದೇ ಪೊಟ್ಟಣ ತೆಗೆದ. ಮೇಲೆ ಹಳದಿ ಸೀಮೆಸುಣ್ಣದಲ್ಲಿ ‘ಕನ್ನಡಕ’ ಎಂದು ಬರೆದಿತ್ತು. ಹೊಸದೊಂದು, ಹಳೆಯದೊಂದು ಬೋಲ್ಟು ಅಕ್ಕಪಕ್ಕ ಇಟ್ಟು ತೋರಿಸಿದ. ಹಳೆಯದರ ತಲೆಯ ಕೆಳಭಾಗ ಚೆಂಡಿನಂತೆ ದುಂಡು. ಹೊಸದರದು ಆಲಿಕೆಯಂತೆ ಓರೆ. “ನಿಮ್ಮ ಹಳೇ ಚಕ್ರದ ತೂತು ಬಟ್ಟಲ ಥರ ಇದೆ, ದುಂಡಂದು ಕೂರುತ್ತೆ. ಇದರದ್ದು ಆಲಿಕೆ ಥರ. ದುಂಡಂದು ಇದರಲ್ಲಿ ಕೂರಲ್ಲ ಸಾರ್, ಕೂತ ಹಾಗೆ ಮಾಡುತ್ತೆ. ಎಷ್ಟೇ ಬಿಗಿ ಮಾಡಿ, ದಾರದಷ್ಟು ಜಾಗ ಮಾತ್ರ ತಾಗಿರುತ್ತೆ. ನೂರು ಕಿಲೋಮೀಟರ್ ಅಂತ ಹೇಳಿದ್ದು ಸರಿಯಾದ ಬೋಲ್ಟಿಗೆ.” ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, “ಪೊಟ್ಟಣ ಬಿಟ್ಟು ಹೋದ್ರಲ್ಲ, ಫೋನ್ ಮಾಡೋಣ ಅಂತಿದ್ದೆ. ಮರೆತೆ. ತಪ್ಪು ನಂದೂ ಇದೆ” ಎಂದ. ಅಷ್ಟು ಸಲೀಸಾಗಿ ಹೇಳಿಬಿಟ್ಟ. ಗಾಜಿನ ಅಂಚನ್ನು ಉಜ್ಜಿ, ಏಣು ತೆಗೆದು, ಫ್ರೇಮಿನ ಕಾಲುವೆಯಲ್ಲಿ ಕೂರಿಸುವುದೇ ತನ್ನ ಅನ್ನ; ಯಾವುದು ಯಾವುದರೊಳಗೆ ಕೂರುತ್ತದೆ ಎಂದು ತನಗೆ ಹೇಳಿಕೊಡಬೇಕಾಯಿತಲ್ಲ ಎಂಬುದಕ್ಕಿಂತ, ತಪ್ಪು ನಂದೂ ಇದೆ ಎಂಬ ಆ ಸಲೀಸು ಅವನನ್ನು ಹೆಚ್ಚು ಚುಚ್ಚಿತು. ಚಕ್ರದ ತೂತುಗಳು ಹಾಳಾಗಿದ್ದವು, ಬೇರೆ ತರಿಸಬೇಕಿತ್ತು. ಹಾಳಾದದ್ದನ್ನು ಮನೆಗೆ ಒಯ್ಯಲಾರದೆ ಅಂಗಡಿಗೆ ತಂದು ಬಟ್ಟೆ ಹೊದಿಸಿದ್ದ.

ಹೊಲಿಗೆಯ ಹೆಂಗಸು ಹೋಗಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಅಕ್ಕ ಬಂದಳು. ಕೆಲಸದ ದಿನ, ಹನ್ನೊಂದು ಗಂಟೆ. ಈ ಹೊತ್ತಿನಲ್ಲಿ ಅವಳು ಕೌಂಟರ್ ಬಿಟ್ಟು ಬಂದದ್ದು ಅವನು ಕಂಡಿರಲಿಲ್ಲ. “ಅರ್ಧ ದಿನ ರಜ ಹಾಕ್ದೆ. ಕಣ್ಣು ನೋಡು” ಎಂದು ಸೀದಾ ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು. “ಮಧ್ಯಾಹ್ನ ಕಿವಿ ಡಾಕ್ಟರ್ ಹತ್ರ ಹೋಗ್ಬೇಕು.” ಅವನು ದೀಪ ಆರಿಸಿದ. ಪರೀಕ್ಷೆಯ ಭಾರದ ದುಂಡು ಚೌಕಟ್ಟನ್ನು ಅವಳ ಮೂಗಿನ ಮೇಲೆ ಕೂರಿಸುವಾಗ ಅವಳ ಕೆನ್ನೆ ತಣ್ಣಗಿತ್ತು. ಬೋರ್ಡು ಬೆಳಗಿತು. ಕೆಳಗೆ ಬಟ್ಟೆ ಹೊದ್ದ ಚಕ್ರ ಕತ್ತಲೆಯಲ್ಲಿತ್ತು. ಅವಳು ಸಾಲುಗಳನ್ನು ಓದಿದಳು, ಮೊದಲಿನ ಹಾಗೆ ಗಡಗಡನೆ ಅಲ್ಲ, ಪ್ರತಿ ಅಕ್ಷರದ ಮುಂದೆ ನಿಂತು ನಿಂತು. ಅವನು ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿದ. “ಒಂದು ಚೆನ್ನಾಗಿದೆಯೋ, ಎರಡೋ?”

“ಒಂದು ಅನ್ಸುತ್ತೆ.” ಚೌಕಟ್ಟನ್ನು ಬೆರಳಿನಿಂದ ಮೇಲಕ್ಕೆ ಸರಿಸಿ ಅಂದಳು: “ಆದ್ರೆ ನಂಗೆ ಅನ್ಸೋದನ್ನ ನಂಬಬೇಡ. ನೀನೇ ನೋಡಿ ಯಾವುದು ಸರಿ ಅಂತ ಹೇಳು.”

“ಕಣ್ಣು ನಿಂದು ಅಕ್ಕ. ನಾನು ಹೇಗೆ ಹೇಳ್ಲಿ?”

“ಕೌಂಟರಿಂದ ತೆಗೆದು ಒಳಗೆ ಸ್ಟೋರಿಗೆ ಹಾಕಿ ಅಂತ ಪತ್ರ ಬರ್ದಿದೀನಿ. ಬ್ಯಾಗಲ್ಲಿದೆ. ಇಲ್ದಿರೋ ಶಬ್ದ ಕೇಳ್ಸೋಳಿಗೆ ಚೀಟಿಲಿ ಇಲ್ದಿರೋ ಮಾತ್ರೆ ಕಾಣ್ಸಲ್ಲ ಅಂತ ಏನು ಗ್ಯಾರಂಟಿ? ಕಾರಾದ್ರೆ ಬಿಟ್ಟೆ, ಆಯ್ತು. ಔಷಧಿ ಕಣೋ ಅದು. ಯಾರದೋ ಮಗು ಕುಡಿಯುತ್ತೆ.” ಕತ್ತಲೆಯಲ್ಲಿ ಅವಳ ದನಿ ಸಮವಾಗಿಯೇ ಇತ್ತು, ಟೋಕನ್ ನಂಬರು ಕೂಗುವಷ್ಟು ಸಮ. ಯಾರಿಗೂ ಏನೂ ಆಗಿರಲಿಲ್ಲ ಎಂದು ಆರು ಬೆಳಗು ಎಣಿಸಿದ್ದನಲ್ಲ, ಆ ಎಣಿಕೆಯಲ್ಲಿ ಅಕ್ಕನನ್ನೂ ಸೇರಿಸಿಕೊಂಡಿದ್ದ. ಅವನು ಕೈಯಲ್ಲಿದ್ದ ಗಾಜನ್ನು ತಟ್ಟೆಯಲ್ಲಿಟ್ಟ.

“ಅಕ್ಕ, ಶಬ್ದ ಇತ್ತು.”

ಅವಳು ತಿರುಗಲಿಲ್ಲ.

“ಮಂಗಳವಾರಾನೇ ಇತ್ತು. ನಂಗೂ ಕೇಳ್ಸಿತ್ತು. ರೇಡಿಯೋ ಜೋರು ಮಾಡ್ದೆ. ಬೋಲ್ಟು ತಪ್ಪು ಹಾಕಿದ್ದು ನಾನು. ನೀನು ಕಲ್ಲಿಗೆ ತಾಗಿಸಿದ್ದಕ್ಕೆ ಅದು ಸಡಿಲ ಆಗ್ಲಿಲ್ಲ. ಅದು ಸಡಿಲ ಆಗಿದ್ದಕ್ಕೇ ನೀನು ತಾಗಿಸಿದ್ದು. ಅವತ್ತೇ ಗೊತ್ತಿತ್ತು ನಂಗೆ.” ಅವನು ದೀಪ ಹಾಕಿ ಚಕ್ರದ ಮೇಲಿನ ಬಟ್ಟೆ ಎಳೆದ. ಅಕ್ಕ ಆ ದುಂಡು ಚೌಕಟ್ಟನ್ನು ಹಾಕಿಕೊಂಡೇ ಎದ್ದು ಬಂದು ಕೂತು, ಅವನು ಹೇಳಿಕೊಟ್ಟ ಕಡೆ ಬೆರಳಿಟ್ಟಳು. ತಿಂದು ತಿಂದು ಅಂಕುಡೊಂಕಾದ ತೂತಿನ ಅಂಚಿನ ಸುತ್ತ ಬೆರಳು ಒಂದು ಸುತ್ತು ಬಂತು. ಮೇಜಿನ ಡ್ರಾಯರಿನಿಂದ ಎರಡು ಬೋಲ್ಟು ತೆಗೆದು ಅಕ್ಕಪಕ್ಕ ಹಿಡಿದ. ಅವಳು ಎರಡನ್ನೂ ತೆಗೆದುಕೊಂಡು, ಎರಡು ಸಲ ನೋಡಿದಳು.

“ಆರು ದಿನ” ಎಂದಳು.

ಅವನು ಎಳೆದ ಪರದೆ ಬಟ್ಟೆಯನ್ನು ಮಡಿಸತೊಡಗಿದ.

“ತಪ್ಪು ಹಾಕಿದ್ದು ದೊಡ್ಡದಲ್ಲ ಕಣೋ. ಇಪ್ಪತ್ತೊಂಬತ್ತು ವರ್ಷ ಕೌಂಟರಲ್ಲಿದೀನಿ, ತಪ್ಪು ಹೇಗಾಗುತ್ತೆ ಅಂತ ಗೊತ್ತು ನಂಗೆ. ಆರು ದಿನ ಬಸ್ಸಲ್ಲಿ ಕೂತು ಕಿವಿ ಮುಚ್ಚೋದು, ತೆಗೆಯೋದು, ಮುಚ್ಚೋದು, ತೆಗೆಯೋದು. ಪಕ್ಕದಲ್ಲಿ ಕೂತೋರು ಎದ್ದು ಹೋಗ್ತಿದ್ರು. ಕೇಳಿದ್ದು ಕೇಳ್ಲಿಲ್ಲ ಅಂದ್ಯಲ್ಲ. ನನ್ನ ಕಿವೀನೇ ಕಿತ್ಕೊಂಡ್ಯಲ್ಲೋ.” ಅಲ್ಲಿಗೆ ಅವಳ ದನಿ ಒಡೆಯಿತು. ಅತ್ತಳು, ಅಳುವಾಗ ಆ ಚೌಕಟ್ಟಿನ ಒಂದು ಕಡೆ ಗಾಜಿದ್ದು ಒಂದು ಕಡೆ ಇಲ್ಲದೆ ಒಂದು ಕಣ್ಣು ದೊಡ್ಡದಾಗಿ ಒಂದು ಚಿಕ್ಕದಾಗಿ ಕಾಣುತ್ತಿತ್ತು. ಅವನಿಗೂ ಅಳು ಬಂತು. ಕ್ಷಮಿಸು ಎನ್ನುವ ಮಾತು ಮನೆಯಲ್ಲಿ ಬಳಸಿ ಅಭ್ಯಾಸವಿಲ್ಲದೆ, “ಬೈಯಿ ಅಕ್ಕ” ಎಂದ.

“ಬೈತೀನಿ, ಮನೆಗೆ ಬಾ” ಎಂದಳು. ಮೂಗು ಒರೆಸಿಕೊಂಡಳು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು, ತನಗೇ ಹೇಳಿಕೊಳ್ಳುವಂತೆ, “ಹಾಗಾದ್ರೆ ನನ್ನ ಕಿವಿ ಸರಿ ಇದೆ” ಎಂದಳು. ಇನ್ನೊಂದು ಸಲ ಅದನ್ನೇ ಹೇಳಿದಳು, ಔಷಧಿಯ ಚೀಟಿಯನ್ನು ಎರಡನೆಯ ಸಲ ಓದುವಂತೆ. ಭುಜಗಳು ಇಳಿದವು. ಬ್ಯಾಗಿನಿಂದ ಪತ್ರ ತೆಗೆದು ನಾಲ್ಕಾಗಿ ಹರಿದು, ಗಾಜಿನ ಪುಡಿಯ ಡಬ್ಬಿಗೆ ಹಾಕಿ, ಮತ್ತೆ ಕುರ್ಚಿಯಲ್ಲಿ ಕೂತಳು. “ದೀಪ ಆರ್ಸು. ಪರೀಕ್ಷೆ ಮುಗ್ಸು, ಅರ್ಧಕ್ಕೆ ಬಿಡ್ಬೇಡ.”

“ಒಂದೋ, ಎರಡೋ?”

“ಒಂದು” ಎಂದಳು, ಅವನ ಮಾತು ಮುಗಿಯುವ ಮೊದಲೇ.

ಒಂದೇ ಸರಿಯಾಗಿತ್ತು. ನಂಬರು ಒಂದಿಷ್ಟೂ ಬದಲಾಗಿರಲಿಲ್ಲ. ಬಹಳ ದಿನದ ಮೇಲೆ ಅವನಿಗೆ, ನಾಚಿಕೆಯ ಬಾಲವಿಲ್ಲದೆ, ಎದೆ ಹಗುರಾಯಿತು. ಬೈಗುಳ ಇನ್ನೂ ಬರುವುದಿತ್ತು, ಬರಲಿ ಎಂದುಕೊಂಡ. ಅದು ನಾಲ್ಕು ದಿನ ಕಂತಿನಲ್ಲಿ ಬಂತು ಕೂಡ, ಒಮ್ಮೊಮ್ಮೆ ಪಾತ್ರೆ ತೊಳೆಯುವಾಗ, ಒಮ್ಮೊಮ್ಮೆ ಟೀವಿಯಲ್ಲಿ ಯಾವುದೋ ಕಾರು ಕಂಡಾಗ.

ಶನಿವಾರ ಹೊಸ ಚಕ್ರ ಬಂದಿದೆ ಎಂದು ಯಜಮಾನ ಹೇಳಿಕಳಿಸಿದ. ಅಕ್ಕ ಸ್ಟೂಲ್ ಹಾಕಿ ಫ್ರಿಜ್ಜಿನ ಮೇಲಿನಿಂದ ಕೀ ಇಳಿಸಿದಳು. ಬಿಚ್ಚಿಟ್ಟಿದ್ದ ಉಳಿದ ಮೂರು ಹೊಸ ಚಕ್ರಗಳನ್ನು ಕಾರಿಗೆ ತುಂಬಿಕೊಂಡು ಹೊರಟರು. ಅಂಗಡಿಯಲ್ಲಿ ಅವಳು ಬೆಂಚಿನ ಮೇಲೆ ಕೂರಲು ಒಪ್ಪಲಿಲ್ಲ. ಪೊಟ್ಟಣ ಬಿಚ್ಚಿಸಿ, ಡ್ರಾಯರಿನಲ್ಲಿದ್ದ ಹೊಸ ಬೋಲ್ಟನ್ನೂ ಅದಕ್ಕೆ ಸೇರಿಸಿ, ಅದರ ಮೇಲಿನ ಅಳತೆಯನ್ನು ಎರಡು ಸಲ ಓದಿಸಿ, ಇಪ್ಪತ್ತು ಬೋಲ್ಟುಗಳನ್ನೂ ಕೌಂಟರಿನ ಮೇಲೆ ಐದೈದರಂತೆ ಸಾಲು ಮಾಡಿ, ಒಂದೊಂದನ್ನೂ ಬೆರಳಲ್ಲಿ ಸವರಿ ನೋಡಿದಳು. “ಮೇಡಂ ಯಾವ ಡಿಪಾರ್ಟ್‌ಮೆಂಟು?” ಎಂದ ಯಜಮಾನ. “ಮಾತ್ರೆ” ಎಂದಳು. ಬಿಗಿಯ ಲೆಕ್ಕ ಇಟ್ಟುಕೊಳ್ಳುವ ಉದ್ದನೆಯ ವ್ರೆಂಚಿನಿಂದ ಯಜಮಾನ ನಕ್ಷತ್ರದ ಗೆರೆ ಎಳೆದಂತೆ ಒಂದು ಬಿಟ್ಟು ಒಂದು ಬೋಲ್ಟು ತಿರುಗಿಸಿದ; ಸಾಕಾದಾಗ ವ್ರೆಂಚು ತಾನೇ ಟಕ್ ಎನ್ನುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ಇಪ್ಪತ್ತು ಟಕ್ ಎಣಿಸಿದಳು. ಬಿಚ್ಚಿದ ಹಳೆಯ ಬೋಲ್ಟುಗಳನ್ನು, ಡ್ರಾಯರಿನಲ್ಲಿದ್ದ ಹಳೆಯದನ್ನೂ ಸೇರಿಸಿ, ಒಂದು ಬಟ್ಟೆಯ ಚೀಲಕ್ಕೆ ತುಂಬಿ ಅವನು ಹಿಂದಿನ ಬಾಗಿಲಿನ ಜೇಬಿಗೆ ಸೇರಿಸಿದ. “ನೂರು ಕಿಲೋಮೀಟರ್ ಆದ್ಮೇಲೆ” ಎಂದು ಯಜಮಾನ ಬೆರಳೆತ್ತಿದ. “ಇವತ್ತೇ ಬರ್ತೀವಿ” ಎಂದಳು ಅಕ್ಕ, ಡ್ರೈವರ್ ಸೀಟಿನಲ್ಲಿ ಕೂತು.

ಹೊರವರ್ತುಲದ ರಸ್ತೆ ಬಿಸಿಲಲ್ಲಿ ಖಾಲಿ ಬಿದ್ದಿತ್ತು. ಚಿಕ್ಕಕ್ಕ ರಸ್ತೆಗೆ ಅಂಟಿಕೊಂಡು ಓಡುತ್ತಿದ್ದಳು. ತಿರುವಿನಲ್ಲಿ ಅದೇನು ಗಟ್ಟಿ ಹಿಡಿತ. ಇದಕ್ಕೇ ಅಲ್ಲವೇ ನಾಲ್ಕು ತಿಂಗಳು ಕಾದದ್ದು ಎಂದು ಅವನು ಅಂದುಕೊಂಡರೂ, ಅವನ ಕಣ್ಣು ಇದ್ದದ್ದು ಸ್ಟೀರಿಂಗಿನ ಮೇಲಿನ ಅಕ್ಕನ ಕೈಗಳ ಮೇಲೆ. ಮೊದಲ ಹತ್ತು ಕಿಲೋಮೀಟರ್ ಗೆಣ್ಣುಗಳು ಬೆಳ್ಳಗಿದ್ದವು. ಮೂವತ್ತರ ಹೊತ್ತಿಗೆ ಬಣ್ಣ ಬಂತು. ಅರವತ್ತನ್ನು ದಾಟಿದ ಮೇಲೆ ಅವಳು ತಟ್ಟನೆ ರೇಡಿಯೋ ಆರಿಸಿದಳು.

“ಏನೋ ಶಬ್ದ.”

ಅವನಿಗೆ ಏನೂ ಕೇಳಿಸಲಿಲ್ಲ. ‘ಏನಿಲ್ಲ ಅಕ್ಕ’ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡ. ಕಿಟಕಿ ಏರಿಸಿ, ಕಿವಿಗೊಟ್ಟು ಕೂತ. ಗಾಳಿ, ಟೈರಿನ ಗುಂಯ್‌ಗುಟ್ಟುವಿಕೆ, ಅದರ ಅಡಿಯಲ್ಲಿ, ಬಹಳ ಸಣ್ಣಗೆ, ಕಿಣಿ ಕಿಣಿ.

“ಇದೆ ಅಕ್ಕ. ನಿಲ್ಸು.”

ಅವಳು ಸಿಗ್ನಲ್ ಹಾಕಿ, ಕನ್ನಡಿ ನೋಡಿ, ನಿಧಾನವಾಗಿ ಪಕ್ಕಕ್ಕೆ ತಂದು ನಿಲ್ಲಿಸಿದಳು. ಅವನು ಇಳಿದು ನಾಲ್ಕೂ ಚಕ್ರ ಮುಟ್ಟಿ ನೋಡಿದ, ಅಳ್ಳಾಡಲಿಲ್ಲ. ಅಕ್ಕ ಹಿಂದಿನ ಬಾಗಿಲು ತೆಗೆದು, ಜೇಬಿನೊಳಗೆ ಕೈ ಹಾಕಿ, ಬಟ್ಟೆಯ ಚೀಲ ಎತ್ತಿ ಅಲ್ಲಾಡಿಸಿದಳು. ಕಿಣಿ ಕಿಣಿ. ಇಬ್ಬರೂ ನಕ್ಕರು. ನಕ್ಕು ನಕ್ಕು ಅವನು ಕಾರಿಗೆ ಒರಗಿಕೊಂಡ. ಅಕ್ಕ ಚೀಲ ಬಿಚ್ಚಿ ಎಣಿಸಿದಳು. ಹತ್ತೊಂಬತ್ತು.

“ಇನ್ನೂ ಮೂವತ್ತೆಂಟು ಕಿಲೋಮೀಟರ್ ಓಡಿಸ್ಬೇಕಲ್ಲ, ಬಾ” ಎಂದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಕೇಳುವ ಮೊದಲೇ ಅವಳು ಕಾರನ್ನು ತಿರುಗಿಸಿದ್ದಳು. ಸರ್ಕಲ್ಲಿಗೆ ಮುಂಚೆ ಸಿಗುವ ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿ, ಎಂಜಿನ್ ಆರಿಸಿ, ಇಳಿದಳು. ಅವನನ್ನು ಕರೆಯಲಿಲ್ಲ. ಅತ್ತ ಇತ್ತ ಹುಡುಕಲೂ ಇಲ್ಲ. ಬಂಕಿನ ಗೇಟು ದಾಟಿ, ಎರಡನೆಯ ದೀಪದ ಕಂಬದವರೆಗೆ ನಡೆದು, ಅಲ್ಲಿ ಕಲ್ಲಿನ ಅಂಚಿನ ಧೂಳು, ಒಣಎಲೆ, ಕಾಗದದ ಚೂರು ತುಂಬಿದ್ದ ಕಡೆ ಚಪ್ಪಲಿಯ ತುದಿಯಿಂದ ಒಮ್ಮೆ ಕೆದಕಿ, ಬಗ್ಗಿದಳು. ಅವನು ಕಿಟಕಿ ಇಳಿಸಿ, ಕಾರಿನೊಳಗಿಂದ ನೋಡುತ್ತ ಕೂತಿದ್ದ. ವಾಪಸು ಬಂದು, ಕಿಟಕಿಯಿಂದ ಕೈ ಚಾಚಿ, ಧೂಳು ಮೆತ್ತಿದ ಬೋಲ್ಟನ್ನು ಅವನ ಅಂಗೈಯಲ್ಲಿ ಇಟ್ಟಳು.

“ಇಪ್ಪತ್ತು” ಎಂದಳು. “ಇಲ್ಲೇ ಬಿದ್ದಿದ್ದು. ಠಣ್ ಅಂತು.”

“ಹೌದು ಅಕ್ಕ” ಎಂದ.

ಅವಳು ಡ್ರೈವರ್ ಸೀಟಿನ ಕಡೆ ಸುತ್ತಿ ಬಂದು ಕೂತು, ಬೆಲ್ಟ್ ಹಾಕಿಕೊಂಡು, ಕಾರು ಚಾಲೂ ಮಾಡಿ, ಇನ್ನುಳಿದ ಕಿಲೋಮೀಟರುಗಳಿಗೆ ಹೊರಟಳು.